ಶಾಲೆಯ ನಲ್ಲಿ ನೀರಿನಲ್ಲಿ ಸೀಸ: ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ನೀರಿನಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಬಟ್ಟೆಗೆ ಕಲೆ ಬೀಳುತ್ತದೆ. ಗಡಸು ನೀರಾದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಸೀಸ ಹೀಗೆ ಯಾವ ಗುರುತನ್ನೂ ಕೊಡುವುದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ‘ನಮ್ಮ ಶಾಲೆ ನೀರು ಚೆನ್ನಾಗಿದೆ, ಇದುವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ’ ಅನ್ನುವ ಮಾತು ಈ ವಿಷಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇದು ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿಯವರಿಗೆ, ಅಂಗನವಾಡಿ ಮತ್ತು ಕೂಸಿನ ಮನೆ ನೋಡಿಕೊಳ್ಳುವವರಿಗೆ, ಪ್ಲೇಹೋಮ್ ನಡೆಸುವವರಿಗೆ ಬರೆದದ್ದು. ಪ್ಲಂಬರ್ ಓದಿದರೆ ಇನ್ನೂ ಒಳ್ಳೆಯದು. ಏಕೆಂದರೆ ಸಾಮಾನ್ಯವಾಗಿ ತಪ್ಪು ಇರುವುದು ನೀರಿನ ಮೂಲದಲ್ಲಲ್ಲ, ಪ್ಲಂಬರ್ ಕೈ ಇಟ್ಟ ಜಾಗದಲ್ಲಿ.

ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ 2012ರ ಆವೃತ್ತಿಯಲ್ಲಿ ಸೀಸಕ್ಕೆ ಇರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ 10 ಮೈಕ್ರೋಗ್ರಾಂ, ಲ್ಯಾಬ್‌ನವರ ಭಾಷೆಯಲ್ಲಿ 10 ಪಿಪಿಬಿ. ಬೇರೆ ನೀರಿನ ಮೂಲ ಇಲ್ಲ ಎಂದು ಇದಕ್ಕೆ ರಿಯಾಯಿತಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಂಕಿಯೂ ಇದೇ. ಆದರೆ 10ರ ಕೆಳಗೆ ಬಂದರೆ ಏನೂ ಆಗುವುದಿಲ್ಲ ಎಂದು ಯಾರೂ ಹೇಳಿಲ್ಲ. ಮಕ್ಕಳಿಗೆ ಇಷ್ಟು ಸೀಸ ಸುರಕ್ಷಿತ ಎನ್ನುವ ಮಟ್ಟವೇ ಗೊತ್ತಾಗಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಾಲೆಯ ಕುಡಿಯುವ ನೀರಿಗೆ 1 ಪಿಪಿಬಿ ಗುರಿ ಇಡಿ ಎಂದು 2016ರಲ್ಲಿ ಹೇಳಿತು. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಹತ್ತರಲ್ಲಿ ಒಂದು ಭಾಗ ಮೈಗೆ ಸೇರಿದರೆ, ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಬೆಳೆಯುವ ಮಿದುಳಿನ ಮೇಲೆ ಅದರ ಏಟು ಜಾಸ್ತಿ. ಕಲಿಕೆ, ಗಮನ, ನಡವಳಿಕೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಸೀಸ ಬರುವುದು ಎಲ್ಲಿಂದ

ಕಾವೇರಿ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಹೆಚ್ಚಿನ ಕಡೆ ಮೂಲದಲ್ಲಿ ಸೀಸ ತೀರ ಕಡಿಮೆ. ಹತ್ತಿರದಲ್ಲಿ ಹಳೇ ಬ್ಯಾಟರಿ ಒಡೆದು ಕರಗಿಸುವ ಜಾಗ ಇದ್ದರೆ ಮಾತ್ರ ಕತೆ ಬೇರೆ. ಉಳಿದಂತೆ ಸೀಸ ಸೇರುವುದು ಕಟ್ಟಡದ ಒಳಗೆ. ನೀರು ಲೋಹಕ್ಕೆ ತಾಗಿಕೊಂಡು ಸುಮ್ಮನೆ ನಿಂತಿರುವಾಗ, ರಾತ್ರಿ ನೆನೆಹಾಕಿದ ಮೆಂತ್ಯೆ ತನ್ನ ಕಹಿಯನ್ನು ನೀರಿಗೆ ಬಿಡುವ ಹಾಗೆ, ಲೋಹ ಸೀಸವನ್ನು ಬಿಡುತ್ತದೆ. ಶಾಲೆಯಲ್ಲಿ ನೀರು ನಿಲ್ಲುವುದು ಮನೆಗಿಂತ ಜಾಸ್ತಿ. ಸಂಜೆ ನಾಲ್ಕಕ್ಕೆ ಮುಚ್ಚಿದರೆ ಬೆಳಗ್ಗೆ ಒಂಬತ್ತರವರೆಗೆ, ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ, ದಸರಾ ರಜೆಯಲ್ಲಂತೂ ವಾರಗಟ್ಟಲೆ.

ಅನುಮಾನ ಪಡಬೇಕಾದವರಲ್ಲಿ ಮೊದಲನೆಯದು ಹಿತ್ತಾಳೆ ನಲ್ಲಿ. ಲೇತ್‌ನಲ್ಲಿ ಸಲೀಸಾಗಿ ಕಡೆಯಲಿ ಎಂದು ಹಿತ್ತಾಳೆಗೆ ಬೇಕೆಂದೇ ಎರಡು ಮೂರು ಶೇಕಡಾ ಸೀಸ ಬೆರೆಸುತ್ತಾರೆ. ಹೊರಗೆ ಫಳಫಳ ಹೊಳೆಯುವ ಕ್ರೋಮಿಯಂ ಲೇಪನ ಇದ್ದರೂ ಒಳಗೆ ನೀರಿಗೆ ತಾಗುವುದು ಹಿತ್ತಾಳೆಯೇ. ಗೇಟ್ ವಾಲ್ವ್, ಗನ್‌ಮೆಟಲ್ ಫಿಟಿಂಗ್, ನೀರಿನ ಮೀಟರ್‌ನ ಒಡಲು, ಎಲ್ಲ ಇದೇ ಜಾತಿ.

ಎರಡನೆಯದು ವಾಟರ್ ಕೂಲರ್. ಹಳೆಯ ಕೂಲರ್‌ನ ಟ್ಯಾಂಕ್ ಅಂಚಿನಲ್ಲಿ, ಪೈಪ್ ಕೂಡುವಲ್ಲಿ ಬೆಸುಗೆ ಇರುತ್ತದೆ. ಆ ಬೆಸುಗೆ ಸೀಸ-ತವರದ್ದಾಗಿದ್ದರೆ ತಣ್ಣೀರು ಇಡೀ ದಿನ ಅದರ ಮೇಲೆ ಕೂತಿರುತ್ತದೆ. ಅಮೆರಿಕದಲ್ಲಿ ಇದೊಂದೇ ವಿಷಯಕ್ಕೆ 1988ರಲ್ಲಿ ಕಾನೂನು ತಂದು, ಟ್ಯಾಂಕಿನ ಒಳಮೈಗೆ ಸೀಸ ಬಳಿದ ಕೂಲರ್‌ಗಳನ್ನು ಸರಿಪಡಿಸಿ ಇಲ್ಲವೇ ವಾಪಸ್ ತೆಗೆದುಕೊಳ್ಳಿ ಎಂದು ಕಂಪನಿಗಳಿಗೆ ಹೇಳಬೇಕಾಯಿತು.

ಮೂರನೆಯದು ಪೈಪು. ಪೂರ್ತಿ ಸೀಸದ ಪೈಪ್ ನಮ್ಮಲ್ಲಿ ಅಪರೂಪ. ತುಂಬಾ ಹಳೆಯ ಕಟ್ಟಡದಲ್ಲಿ ಅನುಮಾನ ಬಂದರೆ ಕೀಲಿಕೈಯಿಂದ ಪೈಪನ್ನು ಕೆರೆದು ನೋಡಿ. ಮೆತ್ತಗೆ ಕೆರೆದುಕೊಂಡು ಬಂದು ಬೆಳ್ಳಿಯಂತೆ ಹೊಳೆದರೆ, ಆಯಸ್ಕಾಂತವೂ ಅಂಟದಿದ್ದರೆ ಅದು ಸೀಸ. ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ, ಆಯಸ್ಕಾಂತ ಅಂಟುತ್ತದೆ. ಜಿಐ ಪೈಪಿನ ಸತುವಿನ ಲೇಪನದಲ್ಲೂ ಸ್ವಲ್ಪ ಸೀಸ ಇರಬಹುದು. ಅದಕ್ಕಿಂತ ಹೆಚ್ಚು ನೋಡಬೇಕಾದ್ದು ಅದರ ಜಾಯಿಂಟು. ಹಳೇ ತಲೆಮಾರಿನ ಪ್ಲಂಬರ್‌ಗಳು ಪೈಪಿನ ತುದಿಯ ತಿರುಪು ಗೆರೆಗಳಿಗೆ ಸಣಬಿನ ನೂಲು ಸುತ್ತಿ ಮೇಲೆ ಸಫೇದಾ ಮೆತ್ತುತ್ತಿದ್ದರು. ಆ ಬಿಳಿ ಮುದ್ದೆ ಎಷ್ಟೋ ಸಲ ಸೀಸದ ಪುಡಿಯದ್ದೇ. ಹಳೇ ಕಬ್ಬಿಣದ ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಎಂದು ಬಳಿಯುತ್ತಿದ್ದ ಕೆಂಪು ಪ್ರೈಮರ್ ಕೂಡ ಅದೇ ಸಾಲಿನದು.

ಪಿವಿಸಿ ಪೈಪ್ ಹಾಕಿದ್ದೇವೆ, ಲೋಹವೇ ಇಲ್ಲ ಎಂದು ಸಮಾಧಾನ ಪಡಬೇಡಿ. ಪಿವಿಸಿ ಮಾಡುವಾಗ ಬಿಸಿಗೆ ಕೆಡದಿರಲಿ ಎಂದು ಸೀಸದ ಸ್ಟೆಬಿಲೈಸರ್ ಹಾಕುವುದು ನಮ್ಮ ದೇಶದಲ್ಲಿ ಬಹಳ ಕಾಲ ನಡೆಯಿತು. ಅದನ್ನು ಹಂತಹಂತವಾಗಿ ನಿಲ್ಲಿಸಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿತು. ಅದಕ್ಕೆ ಮೊದಲು ಹಾಕಿದ ಪೈಪ್ ಇದ್ದರೆ ಪಟ್ಟಿಯಲ್ಲಿ ಸೇರಿಸಿ.

ಪೈಪೇ ಇಲ್ಲದ ಅಂಗನವಾಡಿಯಲ್ಲಿ? ನೀರು ತುಂಬಿಡುವ ಪಾತ್ರೆ ನೋಡಿ. ಹಿತ್ತಾಳೆ ಕೊಳಗಕ್ಕೆ ಹಾಕಿಸಿದ ಕಲಾಯಿ ಶುದ್ಧ ತವರದ್ದಾಗಿರಬೇಕು. ತವರ ದುಬಾರಿ, ಸೀಸ ಅಗ್ಗ. ಕಲಬೆರಕೆ ನಡೆಯುತ್ತದೆ. ಸ್ಟೀಲ್ ಡ್ರಮ್ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ.

ಪರೀಕ್ಷೆಗೆ ಮೊದಲು: ನಕ್ಷೆ

ಒಂದು ಹಾಳೆ ತೆಗೆದುಕೊಂಡು ನೀರಿನ ದಾರಿ ಬರೆಯಿರಿ. ಸಂಪ್, ಮೋಟಾರ್, ಮೇಲಿನ ಟ್ಯಾಂಕ್, ಅಲ್ಲಿಂದ ಇಳಿಯುವ ಪೈಪ್, ಅದರಿಂದ ಕವಲೊಡೆಯುವ ಪ್ರತಿ ನಲ್ಲಿ. ಮಕ್ಕಳು ಬಾಯಿ ಹಾಕುವ, ಬಾಟಲಿ ತುಂಬುವ, ಬಿಸಿಯೂಟಕ್ಕೆ ನೀರು ಹಿಡಿಯುವ, ಹಾಲಿನ ಪುಡಿ ಕಲಸುವ ನಲ್ಲಿಗಳಿಗೆಲ್ಲ ನಂಬರ್ ಕೊಡಿ. ನಲ್ಲಿಯ ಮೇಲೇ ಪೇಂಟ್‌ನಲ್ಲಿ ಬರೆದರೆ ಮುಂದೆ ಜಗಳ ಇರುವುದಿಲ್ಲ. ಶೌಚಾಲಯದ ನಲ್ಲಿಯಿಂದ ಮಕ್ಕಳು ನೀರು ಕುಡಿಯುವುದಿಲ್ಲ ಎಂದು ನೀವು ಅಂದುಕೊಂಡಿರಬಹುದು. ಆಟದ ಪೀರಿಯಡ್ ಮುಗಿದ ಮೇಲೆ ಒಮ್ಮೆ ನಿಂತು ನೋಡಿ, ಆಮೇಲೆ ಪಟ್ಟಿ ಮುಗಿಸಿ.

ಮೊದಲ ನೀರು ಹಿಡಿಯುವುದು

ಇಡೀ ಕೆಲಸದಲ್ಲಿ ಹೆಚ್ಚು ಕೆಡುವುದು ಇದೇ ಹಂತ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಶಾಲೆಗಳಿಗೆ ಹೇಳಿಕೊಡುವ ಕ್ರಮ ಇದು. ನಮ್ಮ ಶಾಲೆಗಳಿಗೂ ಹೊಂದುತ್ತದೆ.

ನೀರು ಕನಿಷ್ಠ 8 ಗಂಟೆ ನಿಂತಿರಬೇಕು, 18 ಗಂಟೆ ಮೀರಬಾರದು. ಅಂದರೆ ವಾರದ ನಡುವಿನ ಒಂದು ದಿನ ಎಂದಿನಂತೆ ಶಾಲೆ ನಡೆದು, ಮಾರನೇ ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು. ಸೋಮವಾರ ಬೇಡ. ಮಕ್ಕಳು ದಿನವೂ ಕುಡಿಯುವ ನೀರಿನ ಅಂದಾಜು ಬೇಕಾದ್ದು, ರಜೆಯ ನೀರಿನದ್ದಲ್ಲ. ಆಯಾ ಮತ್ತು ಕಸ ಗುಡಿಸುವವರಿಗೆ ಹಿಂದಿನ ದಿನವೇ ಹೇಳಿಡಿ. ಅವರು ಆರೂವರೆಗೇ ಬಂದು ನೆಲ ಒರೆಸಲು ಎರಡು ಬಕೆಟ್ ನೀರು ಹಿಡಿದರೆ ಅಂದಿನ ಸ್ಯಾಂಪಲ್ ಕತೆ ಮುಗಿದ ಹಾಗೆ.

ಬಾಟಲಿ ಲ್ಯಾಬಿನಿಂದಲೇ ತನ್ನಿ. 250 ಮಿಲಿಲೀಟರ್, ಅಗಲ ಬಾಯಿಯದು. ಹಳೇ ನೀರಿನ ಬಾಟಲಿ ಬೇಡ, ತೊಳೆಯುವುದೂ ಬೇಡ. ದೊಡ್ಡ ಕ್ಯಾನ್‌ನಲ್ಲಿ ಐದು ಲೀಟರ್ ಹಿಡಿದು ಕೊಟ್ಟರೆ ನಲ್ಲಿಯ ದೋಷ ಆ ನೀರಿನಲ್ಲಿ ಕರಗಿ ಕಾಣದಂತಾಗುತ್ತದೆ. ಲೆಕ್ಕ ನೋಡಿ: ಅರ್ಧ ಇಂಚಿನ ಜಿಐ ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು 200 ಮಿಲಿಲೀಟರ್ ನೀರು ಹಿಡಿಯುತ್ತದೆ. ಹಾಗಾದರೆ 250 ಮಿಲಿಲೀಟರ್ ಅಂದರೆ ನಲ್ಲಿಯ ಹೊಟ್ಟೆಯಲ್ಲಿದ್ದ ನೀರು ಮತ್ತು ಅದರ ಹಿಂದಿನ ಒಂದು ಮೀಟರ್ ಪೈಪಿನ ನೀರು. ನಮಗೆ ಬೇಕಾದ್ದು ಅಷ್ಟೇ.

ಬಾಟಲಿಯನ್ನು ಕೆಳಗಿಟ್ಟು ಆಮೇಲೆ ನಲ್ಲಿ ತಿರುಗಿಸಿ. ಮೊದಲ ಹನಿಯೂ ಒಳಗೇ ಬೀಳಬೇಕು. ಮಕ್ಕಳು ತಿರುಗಿಸುವ ಜೋರಿನಲ್ಲೇ ಬಿಡಿ. ಮೆಲ್ಲಗೆ ಬಿಟ್ಟರೆ ಒಳಗಿನ ಚೂರುಗಳು ಹೊರಗೆ ಬರುವುದಿಲ್ಲ, ಅಂಕಿ ಸುಳ್ಳೇ ಚೆನ್ನಾಗಿ ಬರುತ್ತದೆ. ಟ್ಯಾಂಕಿನ ಪೈಪಿಗೆ ಹತ್ತಿರದ ನಲ್ಲಿಯಿಂದ ಶುರು ಮಾಡಿ ದೂರದ್ದಕ್ಕೆ ಹೋಗಿ. ದೂರದ್ದನ್ನು ಮೊದಲು ತೆಗೆದರೆ ದಾರಿಯ ನೀರೆಲ್ಲ ಕದಲಿ ಹತ್ತಿರದ ನಲ್ಲಿಗಳ ಸ್ಯಾಂಪಲ್ ಕೆಡುತ್ತದೆ. ಬಾಟಲಿಯ ಮೇಲೆ ನಲ್ಲಿ ನಂಬರ್, ದಿನ, ಹೊತ್ತು, ಕೊನೆಯ ಸಲ ನೀರು ಬಳಸಿದ ಹೊತ್ತು ಬರೆಯಿರಿ. ಹಿಂದಿನ ವಾರವೇ ನಲ್ಲಿಗಳನ್ನೆಲ್ಲ ತೊಳೆದು ಜಾಲರಿ ಬಿಚ್ಚಿ ಸ್ವಚ್ಛ ಮಾಡಿಡುವ ಉತ್ಸಾಹ ಬೇಡ. ಪರೀಕ್ಷೆ ಆಗುವುದು ದಿನನಿತ್ಯದ ಸ್ಥಿತಿಗೆ.

ಲ್ಯಾಬ್ ವರದಿ ಓದುವಾಗ

ನೀರಿನಲ್ಲಿ ಕರಗಿದ ಲವಣಗಳನ್ನೆಲ್ಲ ಒಟ್ಟಾಗಿ ಅಳೆಯುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಸೀಸ ತೋರಿಸುವುದಿಲ್ಲ. 10 ಪಿಪಿಬಿ ಸೀಸ ಅದರ ಮುಳ್ಳನ್ನು ಅಲ್ಲಾಡಿಸಲೂ ಸಾಲದು. ಪಂಚಾಯಿತಿಯ ಸಾಮಾನ್ಯ ಕಿಟ್‌ನಲ್ಲೂ ಇದರ ಪರೀಕ್ಷೆ ಇರುವುದಿಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ, ಆ ಮಾನ್ಯತೆಯಲ್ಲಿ ಸೀಸವೂ ಸೇರಿರುವ ಲ್ಯಾಬ್ ಬೇಕು.

ವರದಿಯಲ್ಲಿ ‘ಬಿಡಿಎಲ್’, ಅಂದರೆ ಯಂತ್ರ ಗುರುತಿಸಬಲ್ಲ ಮಟ್ಟಕ್ಕಿಂತ ಕಡಿಮೆ, ಎಂದು ಬಂದರೆ ಖುಷಿ ಪಡುವ ಮೊದಲು ಒಂದು ಪ್ರಶ್ನೆ ಕೇಳಿ: ನಿಮ್ಮ ಯಂತ್ರ ಎಷ್ಟರವರೆಗೆ ಗುರುತಿಸುತ್ತದೆ? ಐಎಸ್ 10500ರ 1991ರ ಆವೃತ್ತಿಯಲ್ಲಿ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಅಂದರೆ 50 ಪಿಪಿಬಿ ಇತ್ತು. 0.05ಕ್ಕಿಂತ ಕೆಳಗೆ ಕಾಣದ ಯಂತ್ರದಲ್ಲಿ 40 ಪಿಪಿಬಿ ಇರುವ ನೀರೂ ‘ಬಿಡಿಎಲ್’ ಎಂದೇ ಪಾಸಾಗುತ್ತದೆ. ನಮ್ಮ ಮಿತಿಯ ನಾಲ್ಕು ಪಟ್ಟು! 1 ಪಿಪಿಬಿಯಷ್ಟು ಕೆಳಗಿನದನ್ನೂ ಅಳೆಯುವ ಲ್ಯಾಬ್ ಹುಡುಕಿ. ದಶಾಂಶ ಬಿಂದು ಎಲ್ಲಿದೆ ಎನ್ನುವುದನ್ನೂ ಎರಡು ಸಲ ನೋಡಿ. ಕೆಲವರು ಮಿಲಿಗ್ರಾಂನಲ್ಲಿ ಬರೆಯುತ್ತಾರೆ, ಕೆಲವರು ಮೈಕ್ರೋಗ್ರಾಂನಲ್ಲಿ.

ಎರಡನೇ ಬಾಟಲಿ: ದೋಷದ ಜಾಗ ಹಿಡಿಯುವುದು

ಮೊದಲ ನೀರಿನಲ್ಲಿ ಅಂಕಿ ಜಾಸ್ತಿ ಬಂದ ನಲ್ಲಿಗಳನ್ನು ಆ ಹೊತ್ತಿನಿಂದಲೇ ಕುಡಿಯಲು ಬಂದ್ ಮಾಡಿ. ಆಮೇಲೆ ಇನ್ನೊಂದು ಬೆಳಗ್ಗೆ, ಅದೇ ರೀತಿ ರಾತ್ರಿಯಿಡೀ ನಿಂತ ನೀರಿನಲ್ಲಿ, 30 ಸೆಕೆಂಡ್ ಹರಿಸಿ ನಂತರ 250 ಮಿಲಿಲೀಟರ್ ಹಿಡಿಯಿರಿ. ನಿಮಿಷಕ್ಕೆ ನಾಲ್ಕು ಲೀಟರ್ ಬರುವ ನಲ್ಲಿಯಾದರೆ 30 ಸೆಕೆಂಡಿನಲ್ಲಿ ಎರಡು ಲೀಟರ್ ಹೋಯಿತು. ಅಂದರೆ ಈ ಬಾಟಲಿಗೆ ಬರುವುದು ಸುಮಾರು ಹತ್ತು ಮೀಟರ್ ಹಿಂದೆ ನಿಂತಿದ್ದ ನೀರು. ಎರಡೂ ಅಂಕಿ ಪಕ್ಕಪಕ್ಕ ಇಟ್ಟರೆ ಜಾಗ ತಾನಾಗಿ ಗೊತ್ತಾಗುತ್ತದೆ.

ಒಂದು ಶಾಲೆ ಇದೆ ಎಂದು ಇಟ್ಟುಕೊಳ್ಳಿ. ಅಂಕಿಗಳು ಅರ್ಥವಾಗಲೆಂದು ನಾನೇ ಹಾಕಿದ್ದು. ಅಡುಗೆ ಮನೆಯ ನಲ್ಲಿಯಲ್ಲಿ 3 ಪಿಪಿಬಿ. ನಲಿಕಲಿ ಕೋಣೆಯ ಪಕ್ಕದ ನಲ್ಲಿಯಲ್ಲಿ ಮೊದಲ ನೀರು 19, ಹರಿಸಿದ ನೀರು 2. ಇದರಲ್ಲಿ ಯೋಚನೆ ಮಾಡುವಂಥದ್ದೇ ಇಲ್ಲ, ತಪ್ಪು ನಲ್ಲಿಯದ್ದು ಅಥವಾ ಅದಕ್ಕೆ ಅಂಟಿಕೊಂಡ ತುಂಡು ಪೈಪಿನದು. ನಲ್ಲಿ ಬದಲಾಯಿಸಿ ಮತ್ತೆ ಪರೀಕ್ಷಿಸಿ.

ಹಳೇ ಬ್ಲಾಕಿನ ಕೊನೆಯ ನಲ್ಲಿಯಲ್ಲಿ ಮೊದಲ ನೀರು 6, ಹರಿಸಿದ ನೀರು 17. ಇದು ನೋಡುವವರನ್ನು ಗೊಂದಲಕ್ಕೆ ಕೆಡವುತ್ತದೆ. ಹರಿಸಿದ ಮೇಲೆ ಕಡಿಮೆಯಾಗಬೇಕಿತ್ತು, ಅಲ್ವಾ? ನಲ್ಲಿ ಒಳ್ಳೆಯದೇ ಇದೆ. ಹಿಂದೆ ಎಲ್ಲೋ ಒಂದು ವಾಲ್ವ್, ಒಂದು ಸಫೇದಾ ಜಾಯಿಂಟ್ ರಾತ್ರಿಯಿಡೀ ಸೀಸ ಬಿಟ್ಟಿದೆ. ಆ ನೀರು ನಲ್ಲಿಗೆ ಬಂದು ತಲುಪಲು ಅರ್ಧ ನಿಮಿಷ ಹಿಡಿದಿದೆ. ಮೊದಲ ಬಾಟಲಿಯೊಂದನ್ನೇ ನೋಡಿದ್ದರೆ ಈ ನಲ್ಲಿ ಪಾಸಾಗಿ ಬಿಡುತ್ತಿತ್ತು. ಅದಕ್ಕೇ ಮೊದಲ ಅಂಕಿ ಕಡಿಮೆ ಬಂದರೂ, ಉದ್ದನೆಯ ಹಳೇ ಜಿಐ ಲೈನಿನ ತುದಿಯ ನಲ್ಲಿಗೆ ಎರಡನೇ ಬಾಟಲಿ ತಪ್ಪಿಸಬೇಡಿ ಎಂದು ನಾನು ಹೇಳುವುದು. ಇಲ್ಲಿ ನಲ್ಲಿ ಬದಲಾಯಿಸಿದರೆ ದುಡ್ಡು ದಂಡ. ದಾರಿಯುದ್ದಕ್ಕೂ ಇರುವ ಬೇರೆ ನಲ್ಲಿಗಳ ಅಂಕಿಯೊಂದಿಗೆ ಹೋಲಿಸಿ, ಎಲ್ಲಿಂದ ಏರಿತು ಎಂದು ನೋಡಿ, ಆ ತುಂಡನ್ನು ಬಿಚ್ಚಿಸಿ.

ಕೂಲರ್‌ನಲ್ಲಿ ಮೊದಲ ನೀರು 28, ಹರಿಸಿದ ನೀರು 26. ಕೂಲರ್‌ಗೆ 30 ಸೆಕೆಂಡಿನ ಲೆಕ್ಕ ನಡೆಯುವುದಿಲ್ಲ. ಟ್ಯಾಂಕಿನಲ್ಲೇ ನಲವತ್ತೋ ಎಂಬತ್ತೋ ಲೀಟರ್ ಇರುತ್ತದೆ. ಅದಕ್ಕೆ ಕೂಲರ್ ಹಿಂದೆ ನೀರು ಒಳಹೋಗುವ ಪೈಪನ್ನು ಬಿಚ್ಚಿ ಅಲ್ಲಿಂದಲೂ ಒಂದು ಬಾಟಲಿ ಹಿಡಿಯಿರಿ. ಅಲ್ಲಿ 3 ಬಂದರೆ ಕಳ್ಳ ಕೂಲರ್ ಒಳಗೇ ಇದ್ದಾನೆ. ಅಲ್ಲೂ 25 ಬಂದರೆ ಕೂಲರ್ ಪಾಪದ್ದು, ಹಿಂದಿನ ಲೈನ್ ನೋಡಿ.

ಎಲ್ಲ ನಲ್ಲಿಯಲ್ಲೂ, ಎರಡೂ ಬಾಟಲಿಯಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಮೇಲಿನ ಟ್ಯಾಂಕ್, ಸಂಪ್, ಬೋರ್‌ವೆಲ್ ಮೂರರಿಂದಲೂ ಬೇರೆಬೇರೆ ಸ್ಯಾಂಪಲ್ ತೆಗೆಯಿರಿ. ಬೋರ್‌ವೆಲ್ ನೀರಿನಲ್ಲೇ ಸೀಸ ಇದ್ದರೆ ಅದು ಶಾಲೆ ಒಂದರ ಸಮಸ್ಯೆಯಲ್ಲ. ಪಂಚಾಯಿತಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗೆ ವರದಿ ಸಮೇತ ಬರೆದು ಕೊಡಿ.

ಇನ್ನೊಂದು ಬಗೆ ಇದೆ: ಒಮ್ಮೆ 4, ಮತ್ತೊಮ್ಮೆ 60, ಆಮೇಲೆ ಮತ್ತೆ 5. ಲ್ಯಾಬ್‌ನವರನ್ನು ಬೈಯುವ ಮೊದಲು ನಲ್ಲಿಯ ಬಾಯಲ್ಲಿ ಜಾಲರಿ ಇದೆಯಾ ನೋಡಿ. ತಿರುಗಿಸಿ ಬಿಚ್ಚಿ, ಬಿಳಿ ಕಾಗದದ ಮೇಲೆ ಕುಟ್ಟಿ. ಮರಳು, ತುಕ್ಕಿನ ಹುಡಿ, ಪಾಚಿ ಬೀಳುತ್ತದೆ. ಅದರ ನಡುವೆ ಬೂದು ಬಣ್ಣದ, ಚಪ್ಪಟೆಯಾದ, ತೂಕದ ಚೂರು ಸಿಕ್ಕರೆ ಚಿಮುಟದಲ್ಲಿ ಹಿಡಿದು ಕಾಗದಕ್ಕೆ ಉಜ್ಜಿ. ಪೆನ್ಸಿಲಿನಂತೆ ಗೆರೆ ಬಿತ್ತೇ? ಬೆಸುಗೆಯ ಚೂರು ಇರಬಹುದು. ಅಂಥ ಒಂದು ಚೂರು ಬಾಟಲಿಗೆ ಬಿದ್ದ ದಿನ 60 ಬರುತ್ತದೆ, ಬೀಳದ ದಿನ 4. ಮಗುವಿನ ಲೋಟಕ್ಕೂ ಅದು ಹಾಗೇ ಬೀಳುತ್ತದೆ. ಇಂಥ ನಲ್ಲಿಯ ಸರಾಸರಿ ತೆಗೆದು ಪಾಸ್ ಮಾಡಬೇಡಿ. ಆಮೇಲೆ ಕೈ ತೊಳೆದುಕೊಳ್ಳಿ.

ಆ ದಿನವೇ ಮಾಡಬೇಕಾದ್ದು

ಅಂಕಿ ಜಾಸ್ತಿ ಬಂದ ನಲ್ಲಿಗೆ ‘ಕುಡಿಯಲು ಅಲ್ಲ’ ಎಂದು ಬೋರ್ಡು ಹಾಕಬಹುದು. ಸೀಸ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ ಎನ್ನುವಷ್ಟು ಕಡಿಮೆ, ಕೈ ತೊಳೆಯಲು ಅಡ್ಡಿಯಿಲ್ಲ. ಆದರೆ ಅಂಗನವಾಡಿಯ ಮಗುವಿಗೆ ಬೋರ್ಡು ಓದಲು ಬರುತ್ತದೆಯೇ? ಅಲ್ಲಿ ನಲ್ಲಿಯ ಹಿಡಿಯನ್ನೇ ಕಳಚಿಡಿ. ಬಿಸಿಯೂಟದ ಅನ್ನ, ಸಾಂಬಾರ್, ಕ್ಷೀರಭಾಗ್ಯದ ಹಾಲು ಇವಕ್ಕೆಲ್ಲ ಸರಿಯಿರುವ ನಲ್ಲಿಯ ನೀರೇ ಹೋಗಬೇಕು. ಬೇಯಿಸಿದರೆ ನೀರು ಇಂಗುತ್ತದೆ, ಸೀಸ ಪಾತ್ರೆಯಲ್ಲೇ ಉಳಿಯುತ್ತದೆ. ನೀರು ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಸಾಯುವುದಿಲ್ಲ. ಉಲ್ಟಾ ಸ್ವಲ್ಪ ಸಾಂದ್ರವಾಗುತ್ತದೆ. ಬ್ಲೀಚಿಂಗ್ ಪುಡಿ, ಯುವಿ ದೀಪ ಇವೂ ಕೆಲಸಕ್ಕೆ ಬಾರವು. ಗೀಸರ್ ನೀರಿನಲ್ಲಿ ಹಾಲಿನ ಪುಡಿ ಕಲಸುವ ಅಭ್ಯಾಸವಿದ್ದರೆ ಇಂದೇ ಬಿಡಿಸಿ. ಬಿಸಿ ನೀರು ಲೋಹದಿಂದ ಸೀಸವನ್ನು ಜಾಸ್ತಿ ಎಳೆಯುತ್ತದೆ.

ಬೆಳಗ್ಗೆ ನೀರು ಹರಿಸಿ ಬಿಡುವುದು ನಲ್ಲಿಯ ದೋಷಕ್ಕೆ ತಾತ್ಕಾಲಿಕವಾಗಿ ಸರಿ. ಹರಿದ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ. ಆದರೆ ಇದನ್ನು ವರ್ಷಗಟ್ಟಲೆ ನಂಬಿ ಕೂರಬಾರದು. ಹರಿಸುವ ಮನುಷ್ಯ ರಜೆ ಹಾಕಿದ ದಿನ ಮಕ್ಕಳಿಗೆ ಹಳೇ ನೀರೇ.

ಆರ್‌ಒ ಇದೆಯಲ್ಲ ಎನ್ನುವವರಿಗೆ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಫ್ಲೋರೈಡ್ ಕಾಟಕ್ಕೆ ಆರ್‌ಒ ಬಳಕೆಗೆ ಬಂದು ವರ್ಷಗಳಾದವು. ಸುಸ್ಥಿತಿಯಲ್ಲಿರುವ ಆರ್‌ಒ ಪೊರೆ ಸೀಸವನ್ನೂ ತೆಗೆಯುತ್ತದೆ, ನಿಜ. ತೊಂದರೆ ಶುರುವಾಗುವುದು ಅದರ ಆಚೆಗೆ. ಆರ್‌ಒದಿಂದ ಹೊರಬಂದ ನೀರಿನಲ್ಲಿ ಖನಿಜ ತೀರ ಕಡಿಮೆ, ಸ್ವಲ್ಪ ಹುಳಿ ಗುಣವೂ ಇರುತ್ತದೆ. ಅಂಥ ನೀರು ಲೋಹವನ್ನು ಕಚ್ಚುತ್ತದೆ. ಎಷ್ಟೋ ಶಾಲೆಗಳಲ್ಲಿ ಮೊದಲು ಆರ್‌ಒ, ಅಲ್ಲಿಂದ ಕೂಲರ್, ಕೂಲರ್‌ಗೆ ಹಿತ್ತಾಳೆ ನಲ್ಲಿ. ಶುದ್ಧ ಮಾಡಿದ ನೀರನ್ನು ಕೊನೆಯ ಗೇಣು ದೂರದಲ್ಲಿ ಮತ್ತೆ ಕೆಡಿಸಿದ ಹಾಗೆ. ಹೀಗಿರುವಲ್ಲಿ ಆರ್‌ಒ ಕಂಪನಿಯವರು ಯಂತ್ರದ ಬಾಯಲ್ಲಿ ಹಿಡಿದ ಸ್ಯಾಂಪಲ್‌ಗೆ ಅರ್ಥವಿಲ್ಲ. ಮಗು ಲೋಟ ಹಿಡಿಯುವ ನಲ್ಲಿಯದೇ ಬೇಕು. ಆರ್‌ಒ ನಂತರದ ದಾರಿಯೆಲ್ಲ ಸ್ಟೀಲ್ ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್ ಇರಲಿ.

ಕಾರ್ಬನ್ ಫಿಲ್ಟರ್ ಮಾರುವವರು ಬಂದರೆ, ಸೀಸ ತೆಗೆಯುವುದಕ್ಕೆಂದೇ ಎನ್‌ಎಸ್‌ಎಫ್ 53 (ನೀರಿನ ಫಿಲ್ಟರ್‌ಗಳಿಗೆ ಇರುವ ಅಮೆರಿಕದ ಮಾನದಂಡ) ಪ್ರಮಾಣಪತ್ರ ಇದೆಯಾ ಕೇಳಿ. ಇಲ್ಲವೆಂದರೆ ಕ್ಲೋರಿನ್ ವಾಸನೆ ಹೋಗುತ್ತದೆ, ಅಷ್ಟೇ.

ಸರಿ ಮಾಡಿದ ಮೇಲೆ

ಹಿತ್ತಾಳೆ ನಲ್ಲಿಗೆ ಬದಲಾಗಿ ಸ್ಟೀಲ್ 304 ಅಥವಾ ಪಿಟಿಎಂಟಿ ಪ್ಲಾಸ್ಟಿಕ್ ನಲ್ಲಿ ಹಾಕಿಸಿ. ಪಿಟಿಎಂಟಿಯದು ಅಗ್ಗ, ಕದಿಯುವವರೂ ಕಡಿಮೆ. ಜಾಯಿಂಟಿಗೆ ಟೆಫ್ಲಾನ್ ಟೇಪ್ ಸಾಕು. ಪೈಪ್ ಕೊಳ್ಳುವಾಗ ಸೀಸರಹಿತ ಎಂದು ಬಿಲ್ಲಿನಲ್ಲೇ ಬರೆಸಿ. ಪೈಪ್ ಕೊಯ್ದು ಜೋಡಿಸಿದ ಮೇಲೆ ಒಳಗೆ ಉದುರಿದ ಹಳೇ ಪದರವೆಲ್ಲ ಹೋಗುವಂತೆ ಜಾಲರಿ ಬಿಚ್ಚಿ ಚೆನ್ನಾಗಿ ಹರಿಸಿ. ಕೆಲವು ವಾರ ಎಂದಿನಂತೆ ಬಳಸಿ, ಆಮೇಲೆ ಮೊದಲ ನೀರು ಮತ್ತು ಹರಿಸಿದ ನೀರು ಎರಡನ್ನೂ ಮತ್ತೆ ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಬೋರ್ಡು ತೆಗೆಯಬೇಡಿ.

ನೀರಿನ ಮೂಲ ಬದಲಾದರೆ ಹಳೇ ವರದಿ ಲೆಕ್ಕಕ್ಕಿಲ್ಲ. ಬೋರ್‌ವೆಲ್‌ನ ಗಡಸು ನೀರು ಪೈಪಿನ ಒಳಗೆ ಕಟ್ಟಿದ ಪದರ, ನದಿ ನೀರೋ ಆರ್‌ಒ ನೀರೋ ಬಂದಾಗ ಕರಗಬಹುದು, ಉದುರಬಹುದು. ಅಮೆರಿಕದ ವಾಷಿಂಗ್ಟನ್‌ನಲ್ಲಿ 2000ದಲ್ಲಿ ಕ್ರಿಮಿ ಕೊಲ್ಲಲು ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ ಹಾಕಲು ಶುರು ಮಾಡಿದ್ದಷ್ಟೇ, ಪೈಪಿನ ಒಳಪದರ ಕೆಟ್ಟು ಮನೆಗಳ ನಲ್ಲಿಯಲ್ಲಿ ಸೀಸ ಏರಿತು. 2014ರ ಏಪ್ರಿಲ್‌ನಲ್ಲಿ ಅಮೆರಿಕದ್ದೇ ಫ್ಲಿಂಟ್ ಊರಿಗೆ ಬೇರೆ ನದಿಯ ನೀರು ಬಿಟ್ಟಾಗಲೂ ಆದದ್ದು ಹೀಗೇ. ಪೈಪ್ ಅದೇ, ನೀರು ಬೇರೆ.

ನೀರು ಪೂರ್ತಿ ಸರಿಯಿದ್ದೂ ಮಗುವಿನ ರಕ್ತದಲ್ಲಿ ಸೀಸ ಜಾಸ್ತಿ ಎಂದು ವೈದ್ಯರು ಹೇಳಿದರೆ ನಲ್ಲಿಯ ಹಿಂದೆ ಸುತ್ತುವುದು ಬಿಡಿ. ಚಕ್ಕೆ ಏಳುತ್ತಿರುವ ಜಾರುಬಂಡೆಯ ಪೇಂಟು, ಬಣ್ಣ ಬೆರೆಸಿದ ಅರಿಶಿನ ಪುಡಿ, ಕಾಡಿಗೆ, ಮನೆ ಪಕ್ಕದ ಬ್ಯಾಟರಿ ಅಂಗಡಿ ಇವನ್ನು ವಿಚಾರಿಸಿ.

ಪ್ರತಿ ನಲ್ಲಿಯ ನಂಬರ್, ಎರಡೂ ಅಂಕಿ, ದಿನಾಂಕ, ಏನು ಬದಲಾಯಿಸಿದಿರಿ ಎನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ವರದಿಯ ಒಂದು ಪ್ರತಿ ನೋಟಿಸ್ ಬೋರ್ಡಿಗೆ ಹಾಕಿ. ಮುಖ್ಯ ಶಿಕ್ಷಕರಿಗೆ ವರ್ಗವಾದರೂ, ಪ್ಲಂಬರ್ ಬದಲಾದರೂ, ಮುಂದೆ ಬರುವವರು ಎಲ್ಲಿಂದ ಶುರು ಮಾಡಬೇಕು ಎನ್ನುವುದು ಆ ಪುಸ್ತಕದಲ್ಲಿರುತ್ತದೆ.